ಮೊಹಾವಿ ಮರುಭೂಮಿ, ಜ್ವಾಲಾಮುಖಿ ಗುಡ್ಡಗಳು: ಅಪ್ಪ-ಅಮ್ಮ, ಮಕ್ಕಳ ಜೊತೆ ಒಂದೇ ದಿನದಲ್ಲಿ ಆಗುತ್ತಾ?

ಜಯನಗರ_ನಾಲ್ಕನೇಬ್ಲಾಕ್

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ಲಾಸ್ ವೇಗಸ್‌ನಿಂದ ಲಾಸ್ ಏಂಜಲೀಸ್‌ಗೆ ಕಾರಲ್ಲಿ ವಾಪಸ್ ಬರೋದಿದೆ. ಆರು ಜನ: ಅಪ್ಪನಿಗೆ 71, ಅಮ್ಮನಿಗೆ 66 (ಮಂಡಿ ನೋವು, ಸಕ್ಕರೆ ಕಾಯಿಲೆ, ಇನ್ಸುಲಿನ್), ನಾವಿಬ್ಬರು, ಮಕ್ಕಳು 9 ಮತ್ತು 5. ಮಿನಿವ್ಯಾನ್ ಬಾಡಿಗೆಗೆ ತಗೊಳ್ತೀವಿ. ದಾರಿಯಲ್ಲಿ ಮೊಜಾವೆ ನ್ಯಾಷನಲ್ ಪ್ರಿಸರ್ವ್ (ಕ್ಯಾಲಿಫೋರ್ನಿಯಾದ ಸಂರಕ್ಷಿತ ಮರುಭೂಮಿ) ಸಿಗುತ್ತೆ. ನನ್ನ ಪಟ್ಟಿ: ಲಾವಾ ಟ್ಯೂಬ್ (ಲಾವಾ ಹರಿದು ಟೊಳ್ಳಾದ ಸುರಂಗ), ಕೆಲ್ಸೊ ಮರಳುದಿಬ್ಬ, ಹೋಲ್ ಇನ್ ದ ವಾಲ್ (ತೂತು ತೂತಾದ ಬಂಡೆಗಳ ಜಾಗ), ಜೋಶುವಾ ಮರಗಳ ಕಾಡು. ಬೆಳಿಗ್ಗೆ 8ಕ್ಕೆ ವೇಗಸ್ ಬಿಟ್ಟು ರಾತ್ರಿ 8ಕ್ಕೆ ಮನೆ ಸೇರಬೇಕು. ಮ್ಯಾಪಲ್ಲಿ ಎಲ್ಲಾ ಹತ್ತಿರ ಹತ್ತಿರಾನೇ ಕಾಣುತ್ತೆ. ಆಗುತ್ತಾ? ಟಿಕೆಟ್ ಮೊದಲೇ ಬುಕ್ ಮಾಡಬೇಕಾ? ಊಟ, ಪೆಟ್ರೋಲ್, ಟಾಯ್ಲೆಟ್ ಎಲ್ಲಿ?

ಮೈಲಿಗಲ್ಲು

ನಾಲ್ಕೂ ಆಗಲ್ಲ ಸಾರ್. ಎರಡು ಆರಿಸಿಕೊಳ್ಳಿ.

ಕಲ್ಲುಮಣ್ಣು

ಮೊದಲು ಹೆಸರು ಸರಿ ಮಾಡೋಣ. ಅದು ಮೊಜಾವೆ ಅಲ್ಲ, ಮೊಹಾವಿ. ಸ್ಪ್ಯಾನಿಷ್ ಬರವಣಿಗೆಯಾದ್ದರಿಂದ ಅಲ್ಲಿನ ‘ಜೆ’ ಅಕ್ಷರಕ್ಕೆ ‘ಹ’ ಉಚ್ಚಾರ.

ಟಿಕೆಟ್ ಇಲ್ಲ, ಗೇಟೂ ಇಲ್ಲ. ಪ್ರವೇಶ ಉಚಿತ. ರಸ್ತೆ ಪಕ್ಕ ಒಂದು ಫಲಕ ಬರುತ್ತೆ, ಅಲ್ಲಿಂದ ಒಳಗೆ. ಸುಮಾರು 16 ಲಕ್ಷ ಎಕರೆ, ಅಂದರೆ 6,400 ಚದರ ಕಿಲೋಮೀಟರ್ ಹತ್ತಿರ. ನಮ್ಮ ಬಂಡೀಪುರದಂಥವು ಏಳು ಹಿಡಿಸುತ್ತವೆ. 1994ರ ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯಾ ಮರುಭೂಮಿ ಸಂರಕ್ಷಣಾ ಕಾಯ್ದೆಗೆ ಸಹಿ ಬಿದ್ದಾಗ ಇದು ಸಂರಕ್ಷಿತ ಪ್ರದೇಶವಾಯಿತು. ಮ್ಯಾಪಲ್ಲಿ ಹತ್ತಿರ ಕಾಣೋದು ಈ ಗಾತ್ರ ಅಂದಾಜಿಗೆ ಸಿಗದೇ ಇರೋದಕ್ಕೆ.

ಮೈಲಿಗಲ್ಲು

ಈಗ ಲೆಕ್ಕ ಹಾಕೋಣ. ವೇಗಸ್‌ನಿಂದ ಬೇಕರ್ ಅನ್ನೋ ಊರಿಗೆ 15ನೇ ಹೆದ್ದಾರಿಯಲ್ಲಿ ಸುಮಾರು 95 ಮೈಲಿ, ಒಂದೂವರೆ ಗಂಟೆ. ಬೇಕರ್‌ನಿಂದ ಕೆಲ್‌ಬೇಕರ್ ರಸ್ತೆ ದಕ್ಷಿಣಕ್ಕೆ ತಿರುಗುತ್ತೆ. ಕೆಲ್ಸೊ ರೈಲು ನಿಲ್ದಾಣಕ್ಕೆ 35 ಮೈಲಿ, ಅಲ್ಲಿಂದ 40ನೇ ಹೆದ್ದಾರಿಗೆ ಇನ್ನೂ 22 ಮೈಲಿ. ಒಟ್ಟು 57 ಮೈಲಿ ಉತ್ತರದಿಂದ ದಕ್ಷಿಣಕ್ಕೆ ಪ್ರಿಸರ್ವ್ ಸೀಳಿಕೊಂಡು ಹೋಗುವ ಟಾರ್ ರಸ್ತೆ. ಲಾವಾ ಹರಿವು, ಕೆಂಪು-ಕಪ್ಪು ಗುಡ್ಡಗಳು, ಕೆಲ್ಸೊ ಸ್ಟೇಷನ್, ಮರಳುದಿಬ್ಬದ ತಿರುವು ಎಲ್ಲಾ ಇದೇ ರಸ್ತೆಯಲ್ಲಿ ಬರುತ್ತವೆ. ಇದೇ ನಿಮ್ಮ ದಾರಿ.

ಹೋಲ್ ಇನ್ ದ ವಾಲ್ ಬೇರೆ ದಿಕ್ಕು. 40ನೇ ಹೆದ್ದಾರಿ ತಲುಪಿದ ಮೇಲೆ ಪೂರ್ವಕ್ಕೆ 22 ಮೈಲಿ, ಆಮೇಲೆ ಎಸೆಕ್ಸ್ ರಸ್ತೆ, ಬ್ಲ್ಯಾಕ್ ಕ್ಯಾನ್ಯನ್ ರಸ್ತೆ ಸೇರಿ ಉತ್ತರಕ್ಕೆ 20 ಮೈಲಿ. ನಿಮ್ಮ ಮನೆ ಪಶ್ಚಿಮಕ್ಕೆ, ಇದು ಪೂರ್ವಕ್ಕೆ. ಹೋಗಿಬರೋಕೆ 84 ಮೈಲಿ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗೋದು ಸಂಜೆ 4:35ರ ಆಸುಪಾಸು. ಅದನ್ನ ಪಟ್ಟಿಯಿಂದ ಹೊಡೆದುಹಾಕಿ.

ದಾರಿಹೋಕ_ವಿಜಯನಗರ

ಅಷ್ಟೆಲ್ಲಾ ಸುತ್ತಬೇಕಿಲ್ಲ ಗುರು. ಕೆಲ್ಸೊದಿಂದ ಸೀಡರ್ ಕ್ಯಾನ್ಯನ್ ರಸ್ತೆ ಹಿಡಿದರೆ ನೇರ ಹೋಲ್ ಇನ್ ದ ವಾಲ್‌ಗೆ ಹೋಗಬಹುದು. ಫೋನಿನ ಮ್ಯಾಪ್ ಅದನ್ನೇ ತೋರಿಸುತ್ತೆ.

ಮೈಲಿಗಲ್ಲು

ಮ್ಯಾಪ್ ತೋರಿಸುತ್ತೆ, ಅಪಾಯ ಇರೋದೇ ಅಲ್ಲಿ. ಸೀಡರ್ ಕ್ಯಾನ್ಯನ್ ಬಹುಪಾಲು ಮಣ್ಣುರಸ್ತೆ. ಬ್ಲ್ಯಾಕ್ ಕ್ಯಾನ್ಯನ್ ರಸ್ತೆಗೂ ಹೋಲ್ ಇನ್ ದ ವಾಲ್‌ನಿಂದ ದಕ್ಷಿಣಕ್ಕೆ ಮಾತ್ರ ಟಾರ್, ಉತ್ತರದ ಭಾಗ ಮಣ್ಣು. ಮಳೆ ಬಂದ ವಾರ ಕೊರಕಲು ಬಿದ್ದಿರುತ್ತೆ. ಮ್ಯಾಪಿಗೆ ಗೊತ್ತಿರೋದು ದೂರ ಒಂದೇ. ಗ್ರೌಂಡ್ ಕ್ಲಿಯರೆನ್ಸ್ ಅದಕ್ಕೇನು ಗೊತ್ತು? ಹತ್ತು ಮೈಲಿ ಒಳಗೆ ಹೋದ ಮೇಲೆ ರಸ್ತೆ ಕಿತ್ತುಹೋಗಿದೆ ಅಂತ ತಿಳಿದರೆ, ವ್ಯಾನ್ ತಿರುಗಿಸೋಕೂ ಜಾಗ ಇಲ್ಲದ ಕಡೆ ನಿಂತಿರ್ತೀರಿ.

ಒಳಗೆ ನೆಟ್‌ವರ್ಕ್ ಇರಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಇಲ್ಲಿಂದ ಮಾಡಿಸಿಕೊಂಡು ಹೋದ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಟವರೇ ಇಲ್ಲದ ಕಡೆ ಏನೂ ಮಾಡಲ್ಲ. ವೇಗಸ್‌ನ ಹೋಟೆಲ್ ವೈಫೈನಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಐಫೋನ್ 14 ಅಥವಾ ಆಮೇಲಿನ ಮಾಡೆಲ್ ಇದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಹೋಗುತ್ತೆ. ಅದಕ್ಕೆ ತೆರೆದ ಆಕಾಶ ಬೇಕು, ಕಾರಿನೊಳಗೆ ಕೂತು ಪ್ರಯತ್ನಿಸಬೇಡಿ.

ಸ್ಟೆಪ್ನಿ

ಲಾವಾ ಟ್ಯೂಬ್ ವಿಷಯಕ್ಕೆ ಬರ್ತೀನಿ. ಎಲ್ಲರೂ ಆ ಬೆಳಕಿನ ಕೋಲಿನ ಫೋಟೊ ನೋಡಿ ಹೊರಡ್ತಾರೆ, ರಸ್ತೆಯ ಫೋಟೊ ಯಾರೂ ಹಾಕಲ್ಲ.

ಬೇಕರ್‌ನಿಂದ ಸುಮಾರು 20 ಮೈಲಿಗೆ ಎಡಕ್ಕೆ ಐಕೆನ್ ಮೈನ್ ರಸ್ತೆ. ಅಲ್ಲಿಂದ 5 ಮೈಲಿ ಹತ್ತಿರ ಮಣ್ಣು, ಮರಳು, ಕಲ್ಲು. ಮೇಲ್ಮೈ ಸಿಮೆಂಟ್ ಶೀಟಿನ ಹಾಗೆ ಏರಿಳಿತ. ಒಂದೇ ಸಮ ಗಡಗಡ ಅಂತ ನಡುಗುತ್ತೆ, ಅಮ್ಮನ ಮಂಡಿಗೂ ಸೊಂಟಕ್ಕೂ ಅದೇ ಸಾಕು. ಅಲ್ಲಲ್ಲಿ ಮೆತ್ತನೆ ಮರಳು. ಅಲ್ಲಿ ನಿಲ್ಲಿಸಿದರೆ ಮುಂದಿನ ಚಕ್ರ ಹೂತುಕೊಳ್ಳುತ್ತೆ. ಎತ್ತರದ ಗಾಡಿ ಇದ್ದು ಅಭ್ಯಾಸ ಇದ್ದವರು ಟೈರಿನ ಗಾಳಿಯನ್ನ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ ದಾಟ್ತಾರೆ. ಆದರೆ ಟಾರ್ ರಸ್ತೆಗೆ ಬಂದ ಕೂಡಲೇ ಗಾಳಿ ತುಂಬೋಕೆ ಕಂಪ್ರೆಸರ್ ಜೊತೆಯಲ್ಲಿರಬೇಕು. ಕಡಿಮೆ ಗಾಳಿಯಲ್ಲಿ ಹೆದ್ದಾರಿ ಮೇಲೆ ಓಡಿಸಿದರೆ ಟೈರ್ ಕಾದು ಸಿಡಿಯುತ್ತೆ.

ಇನ್ನೊಂದು ಮುಖ್ಯ ವಿಷಯ. ಲಾವಾ ಕಲ್ಲಿನ ಅಂಚು ಒಡೆದ ಗಾಜಿನ ಹಾಗೆ. ಟೈರಿನ ತಳಕ್ಕೆ ಚುಚ್ಚಿದರೆ ಪಂಕ್ಚರ್, ಪಕ್ಕದ ಗೋಡೆ ಕೊಯ್ದರೆ ಟೈರೇ ಮುಗೀತು. ಈಗಿನ ಎಷ್ಟೋ ಬಾಡಿಗೆ ವ್ಯಾನ್‌ಗಳಲ್ಲಿ ಸ್ಟೆಪ್ನಿ ಇರೋದೇ ಇಲ್ಲ. ಒಂದು ಅಂಟಿನ ಡಬ್ಬಿ, ಪುಟ್ಟ ಪಂಪು, ಅಷ್ಟೇ. ಪಕ್ಕ ಸೀಳಿದ ಟೈರಿಗೆ ಆ ಅಂಟು ನಿಲ್ಲಲ್ಲ. ಕಾರು ಕೈಗೆ ತಗೊಳ್ಳುವಾಗಲೇ ಡಿಕ್ಕಿ ತೆಗೆಸಿ, ಸ್ಟೆಪ್ನಿ, ಜ್ಯಾಕ್, ಸ್ಪ್ಯಾನರ್ ಮೂರೂ ಕಣ್ಣಾರೆ ನೋಡಿ.

ಫೈನ್‌ಪ್ರಿಂಟ್

ಇದಕ್ಕೆ ಸೇರಿಸ್ತೀನಿ. ಬಾಡಿಗೆ ಕಾರಿನ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ: ಟಾರ್ ಇಲ್ಲದ ರಸ್ತೆಯಲ್ಲಿ ಓಡಿಸಿದರೆ ಡ್ಯಾಮೇಜ್ ಕವರ್ ಅನ್ವಯಿಸಲ್ಲ. ದಿನಕ್ಕೆ ಇಷ್ಟು ಡಾಲರ್ ಅಂತ ಕೊಟ್ಟು ತಗೊಂಡ ಪೂರ್ತಿ ಕವರ್ ಕೂಡ ಆ 5 ಮೈಲಿಯಲ್ಲಿ ಕಾಗದದ ಚೂರು. ಎಳೆದುಕೊಂಡು ಹೋಗೋ ಗಾಡಿಯ ಖರ್ಚು ಬೇರೆ. ಆರು ಜನರನ್ನ ಕೂರಿಸಿಕೊಂಡು ಈ ಸಾಹಸ ಬೇಡವೇ ಬೇಡ.

ಚಿಕ್ಕಪೇಟೆ_ಚಾರಣಿಗ

ಎಲ್ಲರೂ ಸೇರಿ ಹೆದರಿಸ್ತಿದ್ದೀರಿ. ಮಿನಿವ್ಯಾನ್ ಬಿಟ್ಟು ದೊಡ್ಡ ಎಸ್‌ಯುವಿ ತಗೊಂಡರೆ ಆಯ್ತು. ಲಾವಾ ಟ್ಯೂಬ್ ಬಿಟ್ಟು ಮೊಹಾವಿ ನೋಡಿದೆ ಅಂದರೆ ಅದೇನು ನೋಡಿದ ಹಾಗೆ? ಮೇಲಿಂದ ಕಬ್ಬಿಣದ ಏಣಿ ಇದೆ, ಇಳಿದರೆ ಒಳಗೆ ನಡೆಯೋದು ಸ್ವಲ್ಪವೇ ದೂರ. ಒಂದು ಕಡೆ ಬಗ್ಗಿ ನುಸುಳಬೇಕು, ಆಚೆಗೆ ಛಾವಣಿ ಎತ್ತರವಾಗುತ್ತೆ. ಮೇಲಿನ ಕಿಂಡಿಯಿಂದ ಬೆಳಕು ನೇರ ಬೀಳೋದು ನಡುಹಗಲಲ್ಲಿ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೆ ಒಂದೊಂದು, ಬೆರಳು ಮುಚ್ಚುವ ಶೂ. 9 ವರ್ಷದ ಮಗುವಿಗೆ ಅದಕ್ಕಿಂತ ಒಳ್ಳೇ ವಿಜ್ಞಾನದ ಪಾಠ ಎಲ್ಲಿ ಸಿಗುತ್ತೆ?

ಸ್ಟೆಪ್ನಿ

ಜಾಗ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರೋದು ಈ ಆರು ಜನಕ್ಕೆ ಸರಿಯಾ ಅಂತ. ಮಂಡಿ ನೋವಿರೋರು ಕಡಿದಾದ ಏಣಿ ಇಳಿಯೋದು ಹೇಗೆ, ಒಳಗೆ ಬಗ್ಗೋದು ಹೇಗೆ? ಅಮ್ಮ ಕಾರಲ್ಲಿ ಒಬ್ಬರೇ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಒಂದು ಗಂಟೆ ಕೂರಬೇಕಾ? ಎಸ್‌ಯುವಿ ತಗೊಂಡರೂ ಕರಾರಿನ ಸಾಲು ಬದಲಾಗಲ್ಲ.

ಚಿಕ್ಕಪೇಟೆ_ಚಾರಣಿಗ

ಅಪ್ಪ-ಅಮ್ಮನ ವಿಷಯ ಒಪ್ಪಿದೆ. ಆದರೆ ಒಂದು ಕೇಳ್ತೀನಿ. ಕೆಲ್ಸೊ ಮರಳುದಿಬ್ಬಕ್ಕೂ ಕೆಲ್‌ಬೇಕರ್ ರಸ್ತೆಯಿಂದ 3 ಮೈಲಿ ಮಣ್ಣುರಸ್ತೆಯೇ ತಾನೆ? ಅದಕ್ಕೆ ಯಾಕೆ ಯಾರೂ ಬೇಡ ಅನ್ನಲಿಲ್ಲ?

ಫೈನ್‌ಪ್ರಿಂಟ್

ಸರಿಯಾದ ಪ್ರಶ್ನೆ. ಆ 3 ಮೈಲಿಯನ್ನ ಆಗಾಗ ಸಮ ಮಾಡ್ತಿರ್ತಾರೆ, ಸಾಮಾನ್ಯ ಕಾರು ನಿಧಾನಕ್ಕೆ ಹೋಗುತ್ತೆ. ಆದರೆ ಕರಾರಿನ ದೃಷ್ಟಿಯಲ್ಲಿ ಅದೂ ಟಾರ್ ಇಲ್ಲದ ರಸ್ತೆಯೇ. ಕೆಲವು ಕರಾರುಗಳು ‘ನಿಯಮಿತವಾಗಿ ನಿರ್ವಹಿಸುವ ರಸ್ತೆ’ ಎಂದು ಬರೆದು ಸ್ವಲ್ಪ ಸಡಿಲ ಬಿಡುತ್ತವೆ, ಕೆಲವು ಖಂಡಿತ ಬಿಡಲ್ಲ. ಕೌಂಟರಿನವರು ಬಾಯಲ್ಲಿ ‘ನೋ ಪ್ರಾಬ್ಲಮ್’ ಅಂದರೆ ಸಾಲದು. ಕರಾರಿನಲ್ಲಿ ಆ ಸಾಲು ಎಲ್ಲಿದೆ ತೋರಿಸಿ ಅನ್ನಿ, ಇಲ್ಲವೇ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಸಿಗದಿದ್ದರೆ ದಿಬ್ಬವನ್ನ ಟಾರ್ ರಸ್ತೆಯಿಂದಲೇ ನೋಡಿ. 3 ಮೈಲಿ ದೂರದಿಂದಲೂ ಪೂರ್ತಿ ಸಾಲು ಕಾಣುತ್ತೆ, ಮಧ್ಯಾಹ್ನದ ಮೇಲೆ ನೆರಳು ಬಿದ್ದಾಗ ಇನ್ನೂ ಚಂದ.

ಕಲ್ಲುಮಣ್ಣು

ಲಾವಾ ನೋಡೋಕೆ ಟ್ಯೂಬೇ ಬೇಕು ಅಂತಿಲ್ಲ. ಕೆಲ್‌ಬೇಕರ್ ರಸ್ತೆ ಬೇಕರ್ ಬಿಟ್ಟು ಒಂದಷ್ಟು ದೂರ ಹೋದ ಮೇಲೆ ಲಾವಾ ಹರಿವಿನ ಅಂಚಿಗೇ ತಾಗಿಕೊಂಡು ಸಾಗುತ್ತೆ. ಕಾರು ಪೂರ್ತಿ ರಸ್ತೆ ಬಿಟ್ಟು ನಿಲ್ಲಿಸುವಷ್ಟು ಅಗಲದ ಜಾಗ ನೋಡಿ ಇಳಿದರೆ ನಾಲ್ಕು ಹೆಜ್ಜೆಗೆ ಕಪ್ಪು ಬೆಸಾಲ್ಟ್, ಅಂದರೆ ಲಾವಾ ತಣಿದು ಆದ ಕಲ್ಲು. ಅಮ್ಮನೂ ಮುಟ್ಟಿ ನೋಡಬಹುದು.

ಅಲ್ಲಿ ಮೂವತ್ತಕ್ಕೂ ಹೆಚ್ಚು ಸಿಂಡರ್ ಕೋನ್‌ಗಳಿವೆ. ಕುಲುಮೆಯಲ್ಲಿ ಉಳಿಯುವ ಕಿಟ್ಟದ ಕಲ್ಲಿನ ರಾಶಿ ಅಂದುಕೊಳ್ಳಿ. ಅನಿಲ ತುಂಬಿದ ಲಾವಾರಸ ಕಾರಂಜಿಯಾಗಿ ಚಿಮ್ಮಿ, ಗಾಳಿಯಲ್ಲೇ ಗಟ್ಟಿಯಾಗಿ, ಬಾಯಿಯ ಸುತ್ತ ಬಿದ್ದು ಗುಡ್ಡ ಆಗಿದೆ. ಒಳಗಿನ ಕಬ್ಬಿಣದ ಅಂಶ ಬಿಸಿಯಲ್ಲಿ ಆಮ್ಲಜನಕ ಸೇರಿ ತುಕ್ಕು ಹಿಡಿದ ಕಡೆ ಕೆಂಪು, ಬೇಗ ತಣಿದ ಕಡೆ ಕಪ್ಪು. ಇಲ್ಲಿನ ಹಳೆಯ ಉಕ್ಕುವಿಕೆಗೆ ಸುಮಾರು 76 ಲಕ್ಷ ವರ್ಷ. ತೀರ ಈಚಿನದಕ್ಕೆ ಹತ್ತಾರು ಸಾವಿರ ವರ್ಷ ಇರಬಹುದು, ಅಷ್ಟೇ. 1973ರಲ್ಲೇ ಈ ಗುಡ್ಡಗಳಿಗೆ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತು ಅನ್ನೋ ಮಾನ್ಯತೆ ಸಿಕ್ಕಿದೆ.

ಟ್ಯೂಬ್ ಆಗೋದು ಹೀಗೆ: ಹರಿಯುವ ಲಾವಾದ ಮೇಲ್ಪದರ ತಣಿದು ಹಪ್ಪಳದಂತೆ ಗಟ್ಟಿಯಾಗುತ್ತೆ, ಒಳಗಿನ ಬಿಸಿರಸ ಹರಿದು ಖಾಲಿಯಾಗುತ್ತೆ. ಛಾವಣಿ ಕುಸಿದ ಕಡೆ ಕಿಂಡಿ. ಮಕ್ಕಳಿಗೆ ರಸ್ತೆ ಪಕ್ಕ ನಿಂತೇ ಹೇಳಬಹುದು.

ಗಾಂಧಿಬಜಾರ್_ಸಂಜೆ

ಕಪ್ಪು ಕಲ್ಲು ನೋಡೋಕೆ ಅಮೆರಿಕಕ್ಕೆ ಹೋಗಬೇಕಾ? ವಿಜಯಪುರದಲ್ಲಿ, ಕಲಬುರಗಿಯಲ್ಲಿ ನೆಲ ಅಗೆದರೆ ಅದೇ ಕಲ್ಲು.

ಕಲ್ಲುಮಣ್ಣು

ಕಲ್ಲು ಅದೇ ಜಾತಿ, ನಿಜ. ಗೋಲಗುಮ್ಮಟ ಕಟ್ಟಿರೋದೂ ಬೆಸಾಲ್ಟ್‌ನಲ್ಲೇ. ಆದರೆ ನಮ್ಮ ದಕ್ಷಿಣ ಪ್ರಸ್ಥಭೂಮಿಯ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ನೆಲ ಸೀಳಿ ಪದರ ಪದರವಾಗಿ ಹರಿದದ್ದು, ಆಮೇಲೆ ಸವೆದದ್ದು. ಈಗ ಅಲ್ಲಿ ಗುಡ್ಡದ ಬಾಯಿ, ಕಿಟ್ಟದ ರಾಶಿ ಯಾವುದೂ ನೋಡೋಕೆ ಸಿಗಲ್ಲ. ಮೊಹಾವಿಯಲ್ಲಿ ಮಳೆ ಕಡಿಮೆ, ವಯಸ್ಸೂ ಕಡಿಮೆ, ಹಾಗಾಗಿ ಆಕಾರ ಉಳಿದಿದೆ. ಬೆಂಗಳೂರಿನ ಮಕ್ಕಳಿಗಂತೂ ಹೋಲಿಸಿ ತೋರಿಸಬೇಕು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ ನೈಸ್ (gneiss) ಅನ್ನೋ ರೂಪಾಂತರ ಶಿಲೆ, ಲಾವಾ ಅಲ್ಲವೇ ಅಲ್ಲ. ಹೊರಡುವ ಮುಂಚಿನ ಭಾನುವಾರ ಮಕ್ಕಳನ್ನ ಆ ಬಂಡೆ ಮೇಲೆ ಹತ್ತಿಸಿ, ಅಲ್ಲಿ ಹೋಗಿ ವ್ಯತ್ಯಾಸ ಕೇಳಿ.

ಗಾಂಧಿಬಜಾರ್_ಸಂಜೆ

ಇದು ಗೊತ್ತಿರಲಿಲ್ಲ. ಒಪ್ಪಿದೆ.

ಪುಟ್ಟಪಾಠ

ಮಕ್ಕಳ ವಿಷಯಕ್ಕೆ ನನ್ನದೊಂದು ಮಾತು: ಒಂದು ಚೂರು ಕಲ್ಲೂ ಜೇಬಿಗೆ ಹಾಕೋಕೆ ಬಿಡಬೇಡಿ. ರಾಷ್ಟ್ರೀಯ ಉದ್ಯಾನ ಸೇವೆಯ ಜಾಗಗಳಲ್ಲಿ ಕಲ್ಲು, ಗಿಡ, ಮೂಳೆ, ಹಳೇ ಡಬ್ಬಿ ತೆಗೆಯೋದು ಅಪರಾಧ. ಡ್ರೋನ್ ಹಾರಿಸೋದೂ ಹಾಗೇ.

ಬದಲಿಗೆ ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಕೆಲ್ಸೊ ದಿಬ್ಬದ ಮರಳಿನಲ್ಲಿ ಕಪ್ಪು ಗೆರೆಗಳು ಕಾಣುತ್ತವೆ, ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಅದಿರಿನ ಕಣಗಳು. ಅಯಸ್ಕಾಂತವನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮರಳಲ್ಲಿ ಆಡಿಸಿದರೆ ಗಡ್ಡದ ಹಾಗೆ ಮೆತ್ತಿಕೊಳ್ಳುತ್ತೆ. ಕವರ್ ಬಿಚ್ಚಿದರೆ ಮರಳು ಅಲ್ಲೇ ವಾಪಸ್. ಕವರ್ ಇಲ್ಲದಿದ್ದರೆ ಅಯಸ್ಕಾಂತದಿಂದ ಕೆರೆದು ತೆಗೆಯೋಕೆ ಅರ್ಧ ಗಂಟೆ.

ಜಯನಗರ_ನಾಲ್ಕನೇಬ್ಲಾಕ್

ತುಂಬಾ ಉಪಯೋಗ ಆಯ್ತು. ಲಾವಾ ಟ್ಯೂಬ್ ಬಿಟ್ಟೆ. ದಿಬ್ಬ ಹತ್ತೋಕೆ ಎಷ್ಟು ಹೊತ್ತು? ಹಾಡುವ ಮರಳು ಅಂತಾರಲ್ಲ, ಅದು ನಿಜಾನಾ?

ಚಿಕ್ಕಪೇಟೆ_ಚಾರಣಿಗ

ನಿಜ. ತುದಿ ಬುಡದಿಂದ ಸುಮಾರು 650 ಅಡಿ. ಹೋಗಿಬರೋಕೆ 3 ಮೈಲಿ. ಕೇಳೋಕೆ ಸಣ್ಣದು. ಆದರೆ ಮರಳಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತೆ. ದೊಡ್ಡವರಿಗೆ 2-3 ಗಂಟೆ. 5 ವರ್ಷದ ಮಗು ತುದಿ ಮುಟ್ಟಲ್ಲ. ಬುಡದ ಚಿಕ್ಕ ದಿಬ್ಬಗಳಲ್ಲೇ ಆಟ ಸಾಕು, ಅಲ್ಲಿಗೆ ಅರ್ಧ ಗಂಟೆ ನಡಿಗೆ.

ಕಡಿದಾದ ಇಳಿಜಾರಲ್ಲಿ ಕೂತು ಕಾಲಿಂದ ಮರಳು ತಳ್ಳುತ್ತಾ ಜಾರಿದರೆ ಒಳಗಿಂದ ಗುಂಯ್ ಅಂತ ದಪ್ಪ ಸದ್ದು ಬರುತ್ತೆ. ಹೆಚ್ಚುಕಮ್ಮಿ ಒಂದೇ ಗಾತ್ರದ, ಪೂರ್ತಿ ಒಣಗಿದ ಕಣಗಳು ಒಂದರ ಮೇಲೊಂದು ಒಟ್ಟಿಗೆ ಜಾರಿದಾಗ ಮಾತ್ರ. ಹಿಂದಿನ ದಿನಗಳಲ್ಲಿ ಮಳೆ ಬಿದ್ದು ಮರಳು ಒದ್ದೆ ಇದ್ದರೆ ಸದ್ದು ಬರಲ್ಲ, ಡಿಸೆಂಬರ್‌ನಲ್ಲಿ ಅದರ ಸಾಧ್ಯತೆ ಇದೆ. ಮಕ್ಕಳಿಗೆ ಗ್ಯಾರಂಟಿ ಅಂತ ಹೇಳಿ ಕರ್ಕೊಂಡು ಹೋಗಬೇಡಿ.

ಮೆಡಿಕಲ್‌ಕಿಟ್

ಅಮ್ಮನ ಇನ್ಸುಲಿನ್ ಬಗ್ಗೆ ಯಾರೂ ಬರೆದಿಲ್ಲ. ಬಳಕೆಯಲ್ಲಿರುವ ಪೆನ್ನು ಅಥವಾ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿ ಒಳಗಿರಬೇಕು, ಹೆಪ್ಪುಗಟ್ಟಲೂಬಾರದು. ಡಿಸೆಂಬರ್ ಅಂತ ನಿರಾಳ ಆಗಬೇಡಿ. ಬಿಸಿಲಲ್ಲಿ ಗಾಜು ಮುಚ್ಚಿ ನಿಂತ ವ್ಯಾನ್ ಒಳಗೆ ಹೊರಗಿನದಕ್ಕಿಂತ ತುಂಬ ಬಿಸಿ ಏರುತ್ತೆ. ರಾತ್ರಿ ಡಿಕ್ಕಿಯಲ್ಲೇ ಬಿಟ್ಟರೆ ಸೊನ್ನೆಗಿಂತ ಕೆಳಗೆ. ಎರಡೂ ಕೆಡಿಸುತ್ತೆ. ಐಸ್‌ಪ್ಯಾಕಿಗೆ ನೇರ ತಾಗಿಸಬೇಡಿ, ನಡುವೆ ಟವೆಲ್ ಇರಲಿ, ಪರ್ಸಿನಲ್ಲೇ ಇಟ್ಟುಕೊಳ್ಳಲಿ.

ಎರಡನೇದು, ಅಪ್ಪ ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತಗೊಳ್ತಿದ್ದರೆ ಹೊರಡುವ ಮೊದಲು ಡಾಕ್ಟರನ್ನ ಕೇಳಿ. ಒಣ ಗಾಳಿಯಲ್ಲಿ ಬೆವರು ಅಲ್ಲಲ್ಲೇ ಆರಿಹೋಗುತ್ತೆ, ನೀರು ಕಳಕೊಳ್ತಿರೋದು ಗೊತ್ತೇ ಆಗಲ್ಲ. ಬಾಯಾರಿಕೆಗೆ ಕಾಯಬೇಡಿ. ಟಾಯ್ಲೆಟ್ ಸಿಗಲ್ಲ ಅಂತ ದೊಡ್ಡವರು ನೀರು ಕುಡಿಯೋದೇ ಬಿಡ್ತಾರೆ, ಅದು ದೊಡ್ಡ ತಪ್ಪು. ಓಆರ್‌ಎಸ್ ಪೊಟ್ಟಣ ನಾಲ್ಕು, ತುಟಿಗೆ ತುಪ್ಪ ಅಥವಾ ಮುಲಾಮು, ಮೂಗಿನ ಒಳಗೆ ತೆಳ್ಳಗೆ ಕೊಬ್ಬರಿ ಎಣ್ಣೆ. ಮಕ್ಕಳಿಗೆ ಮೂಗಲ್ಲಿ ರಕ್ತ ಬರೋದು ಒಣ ಹವೆಗೆ ಸಾಮಾನ್ಯ.

ಬುತ್ತಿಗಂಟು

ನೀರಿನ ಲೆಕ್ಕ: ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಆರು ಜನಕ್ಕೆ ಸುಮಾರು 23 ಲೀಟರ್. ನಮ್ಮ ಮನೆಗೆ ಬರೋ 20 ಲೀಟರ್ ಕ್ಯಾನಿಗಿಂತ ಸ್ವಲ್ಪ ಜಾಸ್ತಿ. ವೇಗಸ್‌ನ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಒಂದು ಗ್ಯಾಲನ್ ಕ್ಯಾನ್ ಸಿಗುತ್ತೆ, ಆರು ತಗೊಳ್ಳಿ. ಕುಡಿಯದೆ ಉಳಿದರೆ ನಷ್ಟ ಇಲ್ಲ. ಗಾಡಿ ಕೆಟ್ಟು ನಿಂತರೆ ಅದೇ ಪ್ರಾಣ.

ಊಟ ಒಳಗೆ ಎಲ್ಲೂ ಸಿಗಲ್ಲ. ಪುಳಿಯೋಗರೆ, ಗೊಜ್ಜವಲಕ್ಕಿ, ಚಪಾತಿ-ಚಟ್ನಿಪುಡಿ ಸಂಜೆವರೆಗೂ ಇರುತ್ತೆ. ಮೊಸರನ್ನ ಬೇಕಾದರೆ ಐಸ್ ಪೆಟ್ಟಿಗೆಯಲ್ಲಿಡಿ, ಮಧ್ಯಾಹ್ನಕ್ಕೇ ಮುಗಿಸಿ. ಅಮ್ಮನಿಗೆ ಸಕ್ಕರೆ ಇಳಿದರೆ ಬೇಕು ಅಂತ ಗ್ಲೂಕೋಸ್ ಪುಡಿ ಕೈಗೆ ಸಿಗೋ ಹಾಗೆ ಇರಲಿ. ಎಲೆ, ತಟ್ಟೆ, ಸಿಪ್ಪೆ ಎಲ್ಲಾ ಚೀಲಕ್ಕೆ ಹಾಕಿ ವಾಪಸ್. ಒಣ ಹವೆಯಲ್ಲಿ ಕಿತ್ತಳೆ ಸಿಪ್ಪೆ ಕೊಳೆಯಲ್ಲ, ಹಾಗೇ ಬಿದ್ದಿರುತ್ತೆ. ಕಯೋಟಿ (ನರಿಯಂಥ ಕಾಡುಪ್ರಾಣಿ) ಬಂದು ನಿಂತು ನೋಡಿದರೆ ಏನೂ ಹಾಕಬೇಡಿ. ಅಭ್ಯಾಸವಾದ ಪ್ರಾಣಿ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತೆ.

ಮೈಲಿಗಲ್ಲು

ಪೆಟ್ರೋಲ್: ಒಳಗೆ ಒಂದು ಹನಿಯೂ ಇಲ್ಲ. ಬೇಕರ್‌ನಲ್ಲಿ ಫುಲ್ ಮಾಡಿಸಿ. ಮುಂದಿನ ಬಂಕ್ ಲಡ್ಲೊದಲ್ಲಿ. ಕೆಲ್‌ಬೇಕರ್ ರಸ್ತೆಯ 57 ಮೈಲಿ, 40ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ 28, ಒಟ್ಟು 85 ಮೈಲಿ, ಅಂದರೆ ಹತ್ತಿರ ಹತ್ತಿರ 137 ಕಿಲೋಮೀಟರ್. ಮಧ್ಯೆ ತಿರುಗಾಟ ಸೇರಿಸಿ. ಬೇಕರ್‌ನಲ್ಲಿ ರೇಟು ಜಾಸ್ತಿ ಅಂತ ಅರ್ಧ ಟ್ಯಾಂಕ್‌ನಲ್ಲಿ ಒಳಗೆ ಹೋಗಬೇಡಿ.

ಅಲ್ಲೇ 134 ಅಡಿ ಎತ್ತರದ ಥರ್ಮಾಮೀಟರ್ ಕಂಬ ಇದೆ. 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ನೆನಪಿಗೆ, ನಮ್ಮ ಲೆಕ್ಕದಲ್ಲಿ 56.7 ಸೆಲ್ಸಿಯಸ್. ಮಕ್ಕಳಿಗೆ ಫೋಟೊ, ದೊಡ್ಡವರಿಗೆ ಟಾಯ್ಲೆಟ್, ಒಂದೇ ನಿಲುಗಡೆಯಲ್ಲಿ ಎರಡೂ ಮುಗಿಸಿ. ಆಮೇಲೆ ಟಾಯ್ಲೆಟ್ ಅಂದರೆ ಕೆಲ್ಸೊ, ಮರಳುದಿಬ್ಬದ ಪಾರ್ಕಿಂಗ್. ದಿಬ್ಬದ ಹತ್ತಿರ ಇರೋದು ಗುಂಡಿ ಟಾಯ್ಲೆಟ್, ನಲ್ಲಿ ಇಲ್ಲ. ಪೇಪರ್, ಸ್ಯಾನಿಟೈಸರ್ ನಿಮ್ಮದೇ ಇರಲಿ.

ರೈಲುಹುಚ್ಚು

ಕೆಲ್ಸೊ ಸ್ಟೇಷನ್ ತಪ್ಪಿಸಬೇಡಿ. ಯೂನಿಯನ್ ಪೆಸಿಫಿಕ್ ಕಂಪನಿ 1920ರ ದಶಕದಲ್ಲಿ ಕಟ್ಟಿಸಿದ್ದು, ಸ್ಪ್ಯಾನಿಷ್ ಶೈಲಿಯ ಕಮಾನು, ಹೆಂಚಿನ ಮಾಡು. ಮಾಹಿತಿ ಕೇಂದ್ರ ಇದರೊಳಗೇ ಇತ್ತು, ದುರಸ್ತಿಗೆಂದು ಮುಚ್ಚಿದ್ದರು. ತೆರೆದಿದೆಯಾ ಅಂತ ಹೊರಡುವ ಹಿಂದಿನ ದಿನ ಉದ್ಯಾನ ಸೇವೆಯ ಜಾಲತಾಣದಲ್ಲಿ ನೋಡಿ. ಮುಚ್ಚಿದ್ದರೂ ಹೊರಗಿನಿಂದ ನೋಡೋಕೆ ಸುಂದರ ಕಟ್ಟಡ, ಮುಂದೆ ಉದ್ದುದ್ದ ಗೂಡ್ಸ್ ರೈಲುಗಳು ಈಗಲೂ ಓಡ್ತವೆ. 5 ವರ್ಷದ ಮಗುವಿಗೆ ಡಬ್ಬಿ ಎಣಿಸೋ ಕೆಲಸ ಕೊಡಿ. ಹಳಿ ಮೇಲೆ ಮಾತ್ರ ಫೋಟೊ ಬೇಡ.

ಕಾಡುಹಾದಿ

ಇದು ಅಭಯಾರಣ್ಯ ಅಂತ ನಮ್ಮ ನಾಗರಹೊಳೆ ನಿಯಮ ಮನಸ್ಸಲ್ಲಿಟ್ಟು ಹೋಗ್ತಾರೆ. ಒಂದು ವ್ಯತ್ಯಾಸ ತಿಳಿದಿರಲಿ. ‘ಪ್ರಿಸರ್ವ್’ ಅಂದರೆ ಲೈಸೆನ್ಸ್ ಇದ್ದವರಿಗೆ ಋತುವಿನಲ್ಲಿ ಬೇಟೆಗೆ ಅವಕಾಶ ಇದೆ, ಚಳಿಗಾಲ ಆ ಋತುವೇ. ಗುಂಡಿನ ಸದ್ದು ಕೇಳಿದರೆ ಗಾಬರಿ ಬೇಡ. ಮಣ್ಣಿನ ಬಣ್ಣದ ಜಾಕೆಟ್ ಬಿಟ್ಟು ಮಕ್ಕಳಿಗೆ ಕಿತ್ತಳೆ, ಕೆಂಪು ಹಾಕಿ.

ಗಾಂಧಿಬಜಾರ್_ಸಂಜೆ

ಸಂರಕ್ಷಿತ ಜಾಗದಲ್ಲಿ ಬೇಟೆನಾ! ಇದು ಯಾವ ನ್ಯಾಯ?

ಕಾಡುಹಾದಿ

1994ರ ಕಾಯ್ದೆ ಪಾಸಾಗುವಾಗ ಆದ ಒಪ್ಪಂದದ ಭಾಗ ಅದು. ‘ಪಾರ್ಕ್’ ಅಂತ ಹೆಸರಿಟ್ಟಿದ್ದರೆ ಬೇಟೆ ನಿಲ್ಲಿಸಬೇಕಾಗ್ತಿತ್ತು, ‘ಪ್ರಿಸರ್ವ್’ ಅಂತಿಟ್ಟು ಉಳಿಸಿಕೊಂಡರು. ನನಗೂ ಹಿಡಿಸಲ್ಲ, ಆದರೆ ಕಾನೂನು ಹಾಗಿದೆ.

ಹೆಚ್ಚು ಕಾಳಜಿ ಬೇಕಿರೋದು ಮರುಭೂಮಿ ಆಮೆಗೆ. ಚಳಿಗಾಲದಲ್ಲಿ ಬಿಲದೊಳಗಿರುತ್ತೆ, ಆದರೂ ಬೆಚ್ಚಗಿನ ದಿನ ಹೊರಬರಬಹುದು. ನಿಂತ ಕಾರಿನ ನೆರಳಿಗೆ ಬಂದು ಮಲಗುವ ಅಭ್ಯಾಸ ಇದೆ. ಹೊರಡುವ ಮುನ್ನ ಬಗ್ಗಿ ನಾಲ್ಕೂ ಚಕ್ರದ ಹಿಂದೆ ನೋಡಿ. ಕಂಡರೆ ಎತ್ತಬೇಡಿ. ಹೆದರಿದ ಆಮೆ ಮೂತ್ರ ಬಿಟ್ಟುಬಿಡುತ್ತೆ. ತಿಂಗಳುಗಟ್ಟಲೆ ಮಳೆ ಇಲ್ಲದಾಗ ಬದುಕೋಕೆ ಅದು ಒಳಗೆ ಕೂಡಿಟ್ಟ ನೀರು ಅದೇ. ಅಷ್ಟಕ್ಕೇ ಸತ್ತುಹೋಗಬಹುದು.

ಕಳ್ಳಿ ಬಗ್ಗೆ: ಚೊಯಾ ಅಂತ ಒಂದು ಜಾತಿ, ದೂರದಿಂದ ನೋಡಿದರೆ ಟೆಡ್ಡಿ ಬೊಂಬೆಯ ಹಾಗೆ ಮೆತ್ತಗೆ ಕಾಣುತ್ತೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿವೆ, ತಾಗಿದರೆ ಗೆಣ್ಣೇ ಮುರಿದು ಮೈಗೆ ಅಂಟಿಕೊಳ್ಳುತ್ತೆ. ಕೈಯಿಂದ ಕಿತ್ತರೆ ಕೈಗೂ ಅಂಟುತ್ತೆ. ಅಗಲ ಹಲ್ಲಿನ ಬಾಚಣಿಗೆಯನ್ನ ಗೆಣ್ಣು ಮತ್ತು ಚರ್ಮದ ನಡುವೆ ತೂರಿಸಿ ಒಮ್ಮೆಗೇ ಹೊರಕ್ಕೆ ಚಿಮ್ಮಿಸಬೇಕು, ಎದುರಿಗೆ ಯಾರೂ ನಿಂತಿರಬಾರದು. ಉಳಿದ ಮುಳ್ಳಿಗೆ ಚಿಮಟ. ಬಾಚಣಿಗೆ, ಚಿಮಟ ಎರಡೂ ಚೀಲದ ಹೊರ ಜೇಬಿನಲ್ಲಿರಲಿ.

ಜಯನಗರ_ನಾಲ್ಕನೇಬ್ಲಾಕ್

ಜೋಶುವಾ ಮರದ ಕಾಡು ನೋಡೋಕೆ ಆಗುತ್ತಾ ಹಾಗಾದರೆ?

ಕಾಡುಹಾದಿ

ಆಗುತ್ತೆ, ಒಳಗೆ ಬರೋ ದಾರಿ ಬದಲಿಸಬೇಕು. ವೇಗಸ್‌ನಿಂದ ಬರುವಾಗ ಬೇಕರ್‌ಗಿಂತ ಮೊದಲೇ ಸೀಮಾ ರಸ್ತೆ ಎಡಕ್ಕೆ ಸಿಗುತ್ತೆ. ಅದರಲ್ಲಿ ಬಂದರೆ ಸೀಮಾ, ಆಮೇಲೆ ಕೆಲ್ಸೊ, ಆಮೇಲೆ ದಿಬ್ಬ. ಜೋಶುವಾ ಮರಗಳ ದಟ್ಟ ಕಾಡು ಇದ್ದದ್ದು ಇಲ್ಲಿಯೇ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹತ್ತಿದ ಡೋಮ್ ಬೆಂಕಿ 43 ಸಾವಿರ ಎಕರೆ ಸುಟ್ಟಿತು, ಸುಮಾರು 13 ಲಕ್ಷ ಜೋಶುವಾ ಮರಗಳು ಹೋದವು ಅನ್ನೋದು ಉದ್ಯಾನದವರ ಅಂದಾಜು. ಸುಟ್ಟು ನಿಂತ ಬೂದು ಕಾಂಡಗಳ ನಡುವೆ ಅಲ್ಲಲ್ಲಿ ಜೀವಂತ ಗುಂಪುಗಳಿವೆ. ಸ್ವಯಂಸೇವಕರು ಸಸಿ ನೆಟ್ಟು, ತಂತಿಬಲೆ ಸುತ್ತಿ, ನೀರು ಹಾಕ್ತಿದ್ದಾರೆ. ಬಲೆ ಕಂಡರೆ ಹತ್ತಿರ ತುಳಿಯಬೇಡಿ.

ಹೆಸರು ಮರ, ನಿಜಕ್ಕೂ ನಮ್ಮ ಹೊಲದ ಬೇಲಿಯ ಕತ್ತಾಳೆಯ ನೆಂಟ. ಮರದ ಉಂಗುರ ಇರಲ್ಲ, ಹಾಗಾಗಿ ವಯಸ್ಸು ಎಣಿಸೋಕೆ ಆಗಲ್ಲ. ಇಲ್ಲಿನ ಜಾತಿಗೆ ಪರಾಗಸ್ಪರ್ಶ ಮಾಡೋದು ಒಂದೇ ಒಂದು ಜಾತಿಯ ಪತಂಗ.

ಮೈಲಿಗಲ್ಲು

ಆ ದಾರಿಯಲ್ಲಿ ಬಂದರೆ ರಸ್ತೆ ಪಕ್ಕದ ಲಾವಾ ಹರಿವು ತಪ್ಪುತ್ತೆ, ಅದು ಬೇಕರ್-ಕೆಲ್ಸೊ ಭಾಗದಲ್ಲಿರೋದು. ಬೇಕರ್ ಪೆಟ್ರೋಲೂ ತಪ್ಪುತ್ತೆ, ಅದಕ್ಕೂ ಮೊದಲು ಸಿಗುವ ಪ್ರಿಮ್ ಅನ್ನೋ ಊರಲ್ಲೇ ತುಂಬಿಸಬೇಕು. ಜ್ವಾಲಾಮುಖಿ ನೋಡೋಕೆ ಹೋಗ್ತಿರೋರು ಕತ್ತಾಳೆ ನೋಡೋಕೆ ಅದನ್ನ ಬಿಡೋದಾ?

ಕಾಡುಹಾದಿ

ಜ್ವಾಲಾಮುಖಿ ದಕ್ಷಿಣದಲ್ಲಿ ಅಂಬಾಯ್ ಕುಳಿಯಲ್ಲೂ ಸಿಗುತ್ತೆ. ಹಳೇ 66ನೇ ಹೆದ್ದಾರಿ ಪಕ್ಕ, ಪಾರ್ಕಿಂಗ್‌ವರೆಗೂ ಟಾರ್. 250 ಅಡಿ ಎತ್ತರದ ಸಿಂಡರ್ ಕೋನ್ ಪೂರ್ತಿ ಆಕಾರದಲ್ಲಿ ಎದುರಿಗೇ ನಿಂತಿದೆ, ನೆರಳಿನ ಚಾವಡಿಯಲ್ಲಿ ಕೂತೇ ನೋಡಬಹುದು. ಹತ್ತೋರಿಗೆ ಹೋಗಿಬರೋಕೆ 3-4 ಮೈಲಿ. ಪ್ರಿಸರ್ವ್‌ನ ಗಡಿಯ ಹೊರಗೆ, ಆದರೆ 2016ರಿಂದ ಅದೂ ಸಂರಕ್ಷಿತ ಸ್ಮಾರಕದ ಭಾಗ.

ಮೈಲಿಗಲ್ಲು

ಅಂಬಾಯ್ ಒಳ್ಳೇ ಸಲಹೆ, ಒಪ್ಪಿದೆ. ಒಂದು ಎಚ್ಚರಿಕೆ: 66ರಲ್ಲಿ ಹಳೇ ಮರದ ಸೇತುವೆಗಳಿವೆ, ಪ್ರವಾಹಕ್ಕೆ ಕಿತ್ತುಹೋಗಿ ಕೆಲವು ಭಾಗ ವರ್ಷಗಟ್ಟಲೆ ಮುಚ್ಚಿರುತ್ತೆ. ಪ್ರಿಸರ್ವ್ ಒಳಗೂ ಅಷ್ಟೇ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಎಷ್ಟೋ ರಸ್ತೆ ಮುಚ್ಚಿದವು. ಕೆಲ್‌ಬೇಕರ್ ರಸ್ತೆ, ಸೀಮಾ ರಸ್ತೆ, 66, ಮೂರರ ಸ್ಥಿತಿಯನ್ನೂ ಹಿಂದಿನ ರಾತ್ರಿ ನೋಡಿ. ಸೀಮಾ ಕಡೆ ಎತ್ತರ ಜಾಸ್ತಿ, ಡಿಸೆಂಬರ್‌ನಲ್ಲಿ ಹಿಮ ಬೀಳಬಹುದು.

ಫೈನ್‌ಪ್ರಿಂಟ್

ಹೊರಡೋ ಮುಂಚೆ ಬೆಂಗಳೂರಲ್ಲೇ ಮುಗಿಸಬೇಕಾದ್ದು: ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ನಿಮ್ಮ ಡಿಎಲ್ ಯಾವ ಆರ್‌ಟಿಒ ವ್ಯಾಪ್ತಿಯೋ ಅಲ್ಲಿಗೆ ಅರ್ಜಿ. ಅದರ ಜೊತೆ ಅಸಲಿ ಡಿಎಲ್ ಇಲ್ಲದೆ ಅದು ಕೆಲಸಕ್ಕೆ ಬರಲ್ಲ. ಇಬ್ಬರೂ ಓಡಿಸೋದಾದರೆ ಇಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿರಬೇಕು.

ಕ್ಯಾಲಿಫೋರ್ನಿಯಾದಲ್ಲಿ 8 ವರ್ಷದೊಳಗಿನ, 4 ಅಡಿ 9 ಇಂಚಿಗಿಂತ ಕುಳ್ಳಗಿರುವ ಮಗು ಹಿಂದಿನ ಸೀಟಿನಲ್ಲಿ, ಕಾರ್ ಸೀಟ್ ಅಥವಾ ಬೂಸ್ಟರ್‌ನಲ್ಲೇ ಕೂರಬೇಕು. 5 ವರ್ಷದವರಿಗೆ ಖಂಡಿತ ಬೇಕು. 9 ವರ್ಷದವರಿಗೆ ಬೆಲ್ಟ್ ಕುತ್ತಿಗೆಗೆ ಬರದೆ ಭುಜದ ಮೇಲೆ ಬಂದರೆ ಸಾಕು.

ಚುಕ್ಕಿಚಂದ್ರಮ

ರಾತ್ರಿ 8ಕ್ಕೆ ಮನೆ ಸೇರಲೇಬೇಕಾ? ಕತ್ತಲಾದ ಮೇಲೆ ಅರ್ಧ ಗಂಟೆ ನಿಂತರೆ ಬೆಂಗಳೂರಿನ ಮಕ್ಕಳು ಕಂಡಿರದಷ್ಟು ನಕ್ಷತ್ರ ಕಾಣುತ್ತವೆ. ಕ್ಷೀರಪಥದ ಹೊಳೆಯುವ ನಡುಭಾಗ ಡಿಸೆಂಬರ್ ಸಂಜೆ ಸಿಗಲ್ಲ, ಆದರೆ ಕೃತ್ತಿಕಾ, ರೋಹಿಣಿ, ಮಹಾವ್ಯಾಧ ಪೂರ್ವದಲ್ಲಿ ಏರುತ್ತಿರುತ್ತವೆ. ಅಮಾವಾಸ್ಯೆಗೆ ಹತ್ತಿರದ ದಿನ ಆರಿಸಿ.

ಮೈಲಿಗಲ್ಲು

ಬೇಡ. ಕೆಲ್‌ಬೇಕರ್ ರಸ್ತೆಯಲ್ಲಿ ದೀಪ ಇಲ್ಲ, ರಾತ್ರಿ ಮೊಲ, ಕಯೋಟಿ ಅಡ್ಡ ಬರುತ್ತವೆ, ಎಡಗಡೆ ಸ್ಟೀರಿಂಗ್ ಹೊಸದು, ಮಕ್ಕಳು ದಣಿದಿರ್ತಾರೆ. ನಕ್ಷತ್ರ ಬೇಕಾದರೆ 40ನೇ ಹೆದ್ದಾರಿ ಸೇರಿದ ಮೇಲೆ ಲಡ್ಲೊ ಬಂಕಿನ ಬೆಳಕಿಂದ ಸ್ವಲ್ಪ ಆಚೆ, ಸುರಕ್ಷಿತವಾಗಿ ನಿಲ್ಲಿಸಬಹುದಾದ ಕಡೆ ಹತ್ತು ನಿಮಿಷ ನೋಡಿ.

ಚುಕ್ಕಿಚಂದ್ರಮ

ಅದೂ ಆಗುತ್ತೆ. ದೀಪ ಆರಿಸಿ ಕಣ್ಣು ಹೊಂದಿಕೊಳ್ಳೋಕೇ 20 ನಿಮಿಷ ಬೇಕು, ಹತ್ತು ಸಾಲದು. ಫೋನ್ ಯಾರೂ ತೆಗೆಯಬಾರದು.

ಜಯನಗರ_ನಾಲ್ಕನೇಬ್ಲಾಕ್

ಎಲ್ಲಾ ಓದಿ ಹೀಗೆ ಮಾಡಿದೀನಿ. ಬೆಳಿಗ್ಗೆ 6:45ಕ್ಕೆ ವೇಗಸ್ ಬಿಡೋದು. 8:15 ಬೇಕರ್: ಪೆಟ್ರೋಲ್, ಟಾಯ್ಲೆಟ್. 9:15 ಲಾವಾ ಹರಿವಿನ ಪಕ್ಕ ಅರ್ಧ ಗಂಟೆ. 10:15 ಕೆಲ್ಸೊ ಸ್ಟೇಷನ್, ಅಲ್ಲೇ ತಿಂಡಿ. 11ರಿಂದ 1:30 ಮರಳುದಿಬ್ಬ, ಕರಾರು ಒಪ್ಪಿದರೆ ಬುಡಕ್ಕೆ, ಇಲ್ಲದಿದ್ದರೆ ಟಾರ್ ರಸ್ತೆಯಿಂದ. 66 ತೆರೆದಿದ್ದರೆ ಅಂಬಾಯ್, ಮುಚ್ಚಿದ್ದರೆ ನೇರ ಲಡ್ಲೊ. ಹೋಲ್ ಇನ್ ದ ವಾಲ್, ಟ್ಯೂಬ್, ಸೀಮಾ ಮೂರೂ ಬಿಟ್ಟೆ. ದಿನ ಜನವರಿ 1 ಅಂದುಕೊಂಡಿದೀನಿ.

ಮೈಲಿಗಲ್ಲು

ಜನವರಿ 1 ಬೇಡ ಸಾರ್. ಹೊಸವರ್ಷ ಮುಗಿಸಿ ವೇಗಸ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟವರೆಲ್ಲ ಅವತ್ತು 15ನೇ ಹೆದ್ದಾರಿಯಲ್ಲೇ ಇರ್ತಾರೆ. ನಮ್ಮ ಸಿಲ್ಕ್ ಬೋರ್ಡ್ ಸಂಜೆಯನ್ನ 95 ಮೈಲಿ ಉದ್ದ ಎಳೆದ ಹಾಗೆ. ಡಿಸೆಂಬರ್ 29 ಅಥವಾ 30, ವಾರದ ದಿನ ಆಗಿರಲಿ.

ಸ್ಟೆಪ್ನಿ

ಡಿಕ್ಕಿ ತೆಗೆಸೋದು ಮರೀಬೇಡಿ. ಸ್ಟೆಪ್ನಿ ಇದ್ದರೆ ಅದರಲ್ಲಿ ಗಾಳಿ ಇದೆಯಾ ಅದನ್ನೂ ನೋಡಿ.

ಜಯನಗರ_ನಾಲ್ಕನೇಬ್ಲಾಕ್

ಡಿಸೆಂಬರ್ 30ಕ್ಕೆ ಬದಲಿಸಿದೆ. ಇನ್ನೊಂದು ಸಣ್ಣ ಪ್ರಶ್ನೆ, ಆ ಚೊಯಾ ತೆಗೆಯೋಕೆ ಪ್ಲಾಸ್ಟಿಕ್ ಬಾಚಣಿಗೆ ಆಗುತ್ತಾ?

ಕಾಡುಹಾದಿ

ತೆಳ್ಳಗಿದ್ದರೆ ಬಾಗಿ ಜಾರುತ್ತೆ. ಗಟ್ಟಿ ಪ್ಲಾಸ್ಟಿಕ್ ಅಥವಾ ಸ್ಟೀಲಿಂದು ಇರಲಿ.